ತಿಮಿಂಗಿಲಕ್ಕೆ ‘ಇನ್ನೊಮ್ಮೆ’ ಅಂದವನು

ಜಹೀರಾಬಾದಿನಲ್ಲಿ ಇಪ್ಪತ್ತೆರಡು ವರ್ಷದಿಂದ ಮದುವೆ ಫೋಟೋ ತೆಗೆಯುತ್ತಿದ್ದೇನೆ. ನಾನು ‘ಹೂಂ’ ಎನ್ನದೆ ಈ ಸೀಮೆಯಲ್ಲಿ ಯಾವ ವರನೂ ತಾಳಿ ಕಟ್ಟಿಲ್ಲ! ಫ್ಲ್ಯಾಷ್ ಕೈಕೊಟ್ಟರೆ “ಇನ್ನೊಮ್ಮೆ ಕಟ್ಟಿದಂಗ ಮಾಡ್ರಿ” ಎನ್ನುತ್ತೇನೆ. ಮಂತ್ರ ಹೇಳುವ ಸ್ವಾಮಿಗಳೂ ನನಗಾಗಿ ಕಾಯುತ್ತಾರೆ.

ಹೀಗಾಗಿ ಶ್ರೀಲಂಕಾ ಪ್ರವಾಸ ನಿಶ್ಚಯವಾದ ದಿನವೇ ಪೇಟೆಯಲ್ಲೆಲ್ಲ ಸಾರಿಬಿಟ್ಟೆ: “ತಿಮಿಂಗಿಲದ ಬಾಲ! ಆರಡಿ ಅಗಲ! ಸ್ಟುಡಿಯೋ ಗೋಡೆ ಮ್ಯಾಲ!” ಗೋಡೆಯನ್ನು ಖಾಲಿ ಮಾಡಿ ಸುಣ್ಣ ಹೊಡೆಸಿದ್ದೂ ಆಯಿತು. ದೋಣಿ ಸವಾರಿ ಇದ್ದದ್ದು ಒಂದೇ ಬೆಳಗ್ಗೆ. ಬರಿಗೈಲಿ ಬಂದರೆ ಪೇಟೆಯಲ್ಲಿ ತಲೆ ಎತ್ತುವಂತಿರಲಿಲ್ಲ.

ಹೈದರಾಬಾದಿನಿಂದ ಒಂದು ಭೀಮ ಲೆನ್ಸನ್ನು ಬಾಡಿಗೆಗೆ ತಂದೆ. ಅದನ್ನು ಹೊರಲು ಮೂರು ಕಾಲಿನ ಸ್ಟ್ಯಾಂಡು ಬೇರೆ. ನನ್ನ ಹೆಂಡತಿ ಶಿವಕಾಂತಾ ಮದುವೆಗಳಲ್ಲಿ ಹೆಂಗಸರ ಕಡೆಯ ಫೋಟೋ ತೆಗೆಯುವವಳು. ಒಮ್ಮೆ ನೋಡಿದಳು, ನಕ್ಕಳು.

“ದೋಣಿ ಅಲ್ಲಾಡ್ತದ್ರಿ. ಇದು ಹ್ಯಾಂಗ ನಿಲ್ತದ? ಇಷ್ಟು ಉದ್ದ ಲೆನ್ಸಿನಾಗ ಮೀನ ಹುಡುಕೋದ್ರೊಳಗ ಅದು ಮುಳುಗೇ ಹೋಗ್ತದ. ನಮ್ಮ ಮದ್ವಿ ಜೂಮೇ ಬೆಸ್ಟ್.”

“ಇದೇನು ಅರಿಶಿಣ ಹಚ್ಚೋ ಶಾಸ್ತ್ರ ಅಂದ್ಕೊಂಡೀ? ತಿಮಿಂಗಿಲ!”

“ಆತು ಬಿಡ್ರಿ” ಎಂದವಳೇ ತನ್ನ ಹಳೆಯ ಕ್ಯಾಮೆರಾಕ್ಕೆ ಸಕ್ಕರೆ ತಂದ ಪ್ಲಾಸ್ಟಿಕ್ ಚೀಲ ತೊಡಿಸಿ ರಬ್ಬರ್ ಬ್ಯಾಂಡ್ ಹಾಕಿದಳು. ಉಪ್ಪುನೀರು ಸಿಡಿಯುತ್ತದಂತೆ!

ಶ್ರೀಲಂಕಾದಲ್ಲಿ ನಾವಿಬ್ಬರೂ ಹತ್ತಿದ ದೋಣಿ ಕಡಲಿಗಿಳಿಯಿತು. ನನ್ನ ಸ್ಟ್ಯಾಂಡಿನ ಒಂದು ಕಾಲು ಹಗ್ಗದ ಮೇಲೆ, ಇನ್ನೊಂದು ಯಾರೋ ವಿದೇಶಿಯನ ಪಾದದ ಮೇಲೆ, ಮೂರನೆಯದು ಗಾಳಿಯಲ್ಲಿ! ಕಣ್ಣಿಟ್ಟು ನೋಡಿದರೆ ಒಮ್ಮೆ ನೀರು, ಒಮ್ಮೆ ಆಕಾಶ. ಅಷ್ಟರಲ್ಲಿ ಜನ “ಹೋ!” ಎಂದರು. ನನಗೆ ಕಂಡದ್ದು ಬರೀ ಕಪ್ಪು. ಲೆನ್ಸಿನ ಮುಚ್ಚಳ ತೆಗೆದಿಲ್ಲವೇನೋ ಎಂದು ತಡವಿದೆ. ತೆಗೆದಿದ್ದೆ. ಆ ಕಪ್ಪೇ ತಿಮಿಂಗಿಲ! ಅಷ್ಟು ಹತ್ತಿರ ಬಂದಿತ್ತು ಪುಣ್ಯಾತ್ಮ.

ತಲೆ ಎತ್ತಿದರೆ ಬಾಲ ನೀರಿಗಿಳಿಯುತ್ತಿದೆ. ಇಪ್ಪತ್ತೆರಡು ವರ್ಷದ ಅಭ್ಯಾಸ ನೋಡಿ, ಗಂಟಲು ತಾನೇ ಕೂಗಿತು: “ಏ ಏ! ಹಂಗೇ ನಿಲ್ರಿ! ಇನ್ನೊಮ್ಮೆ!”

ತಿಮಿಂಗಿಲ ನಿಲ್ಲಲಿಲ್ಲ. ಮತ್ತೆ ಬರಲೂ ಇಲ್ಲ.

ನಾನು ತಲೆಯ ಮೇಲೆ ಕೈಹೊತ್ತು ಕೂತೆ. ಶಿವಕಾಂತಾ ತನ್ನ ಕ್ಯಾಮೆರಾದ ಪರದೆಯನ್ನು ನನ್ನ ಮುಂದೆ ಹಿಡಿದಳು. ಬಾಲ! ಪೂರ್ತಿ ಬಾಲ! ಅಂಚಿನಿಂದ ಸುರಿಯುವ ನೀರಿನ ಒಂದೊಂದು ಎಳೆಯೂ ಕಾಣುತ್ತಿತ್ತು.

“ನಿನಗ ಮೊದಲೇ ಹ್ಯಾಂಗ ಗೊತ್ತಾತು?”

“ನಾ ಸಮುದ್ರ ಎಲ್ಲಿ ನೋಡ್ದೆ? ದೋಣಿ ನಡ್ಸಾವನ ಮಾರಿ ನೋಡ್ದೆ. ಮದುಮಗಳನ್ನ ಕಳಸೋ ಹೊತ್ತಿನಾಗ ಮೊದಲು ಯಾರ ಗದ್ದ ನಡಗ್ತದ ಅಂತ ನೋಡಲ್ಲೇನು, ಹಂಗ. ಅವ ಎಲಿ ಅಡಿಕಿ ಅಗಿಯಾದು ನಿಲ್ಲಿಸ್ದ. ನಾ ಕ್ಯಾಮೆರಾ ಎತ್ತಿದೆ.”

ಆಗ ಹೊಳೆಯಿತು. ಇಷ್ಟು ವರ್ಷದಲ್ಲಿ ಇವಳು ಯಾರಿಗೂ, ಒಮ್ಮೆಯೂ, “ಇನ್ನೊಮ್ಮೆ” ಎಂದಿಲ್ಲ! ನಾಚಿಕೆಯಾಯಿತು, ನಿಜ. ಅದಕ್ಕಿಂತ ಹೆಚ್ಚಾಗಿ ಎದೆಯುಬ್ಬಿತು. ಇಂಥವಳ ಪಕ್ಕದಲ್ಲಿ ನಿಂತು ನಾನು ಉಸ್ತಾದ್ ಎಂದು ಮೆರೆದೆನಲ್ಲ!

ಫೋಟೋ ಗೋಡೆಗೇರಿತು, ಕೆಳಗೆ ಅವಳ ಹೆಸರು. ಮೊನ್ನೆ ಮೊಗುಡಂಪಲ್ಲಿಯ ಗುಂಡಮ್ಮ ಮಗಳ ಮದುವೆಗೆ ಫೋಟೋದವರನ್ನು ಗೊತ್ತುಮಾಡಲು ಬಂದರು. ಬಾಲದ ಮುಂದೆ ಬಹಳ ಹೊತ್ತು ನಿಂತರು.

“ಇದು ಯಾರು ತಗದಾರ್ರಿ?”

“ನನ್ನ ಹೆಂಡ್ತಿ!” ಎಂದೆ, ಗತ್ತಿನಿಂದ.

“ಹಂಗಾದ್ರ ಮದ್ವಿಗಿ ಅಕ್ಕೋರನ್ನೇ ಕಳಸ್ರಿ.”

“ಮತ್ತ ನಾನು?”

ಗುಂಡಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿ, ಕನಿಕರದಿಂದ ಹೇಳಿದರು:

“ನೀವೂ ಬರ್ರಿ. ಊಟಕ್ಕೇನು ಕಮ್ಮಿ ಇಲ್ಲ!”