ಅರ್ಧ ಬೆಲೆಯ ಅತ್ತೆ

ಕಂಪ್ಯೂಟರಿನ ಒಳಗುಟ್ಟು ಅರೆಬರೆ ತಿಳಿದವರು ಇಂಥ ಕತೆಗೆ ಕೈಹಾಕುವುದು ಅಧಿಕಪ್ರಸಂಗ. ತಪ್ಪಿದ್ದರೆ ಬಲ್ಲವರು ಹೊಟ್ಟೆಗೆ ಹಾಕಿಕೊಳ್ಳಬೇಕು.

ಕುರ್ಚಿ ಮೇಜಿನ ಅಂಗಡಿಯ ವೆಬ್‌ಸೈಟ್ ನೋಡಿಕೊಳ್ಳುತ್ತಿದ್ದವನನ್ನು ಎಲ್ಲರೂ ಸೈಟಪ್ಪ ಎನ್ನುತ್ತಿದ್ದರು. ಆ ಬೆಳಿಗ್ಗೆ ಸೈಟಿನ ಮೊದಲ ಪುಟದಲ್ಲಿ, ‘ಹಳೆ ಮಾಲು, ಅರ್ಧ ಬೆಲೆ’ ಎಂಬ ಕೆಂಪು ಪಟ್ಟಿಯ ಕೆಳಗೆ, ತೂಗುಕುರ್ಚಿಯಲ್ಲಿ ಕುಳಿತು ಯಜಮಾನರ ಅತ್ತೆ ನಗುತ್ತಿದ್ದರು. ಹಿಂದಿನ ದಿನವಷ್ಟೇ ಯಜಮಾನರ ಅಪ್ಪಣೆಯಂತೆ ತೂಗುಕುರ್ಚಿಯ ಜಾಹೀರಾತಿಗೆಂದು ಅವನೇ ಏರಿಸಿದ್ದ ಫೋಟೋ; ಆದರೆ ಪಟ್ಟಿ ಅವನು ಹಚ್ಚಿದ್ದಲ್ಲ.

“ಮಧ್ಯಾಹ್ನ ಅತ್ತೆ ಅಂಗಡಿಗೆ ಬರ್ತಾರೆ,” ಯಜಮಾನರು ಫೋನಿನಲ್ಲಿ ಗುಡುಗಿದರು. “ಅಷ್ಟರಲ್ಲಿ ಅಲ್ಲಿಂದ ಅವರು ಹೋಗಿರ್ಬೇಕು. ಇಲ್ಲಾಂದ್ರೆ ಇಲ್ಲಿಂದ ನೀನು ಹೋಗಿರ್ತೀಯ!”

ಸೈಟಪ್ಪ ಸರ್ವರ್ ತೆರೆದು ಆ ಪುಟವನ್ನು ಹುಡುಕಿದ. ಪುಟವೇ ಇಲ್ಲ! ಗಿರಾಕಿ ಬಂದಮೇಲೆ ಬಟ್ಟೆ ಹೊಲಿಯುವ ದರ್ಜಿಯಂತೆ, ಯಾರಾದರೂ ಕೇಳಿದ ಗಳಿಗೆಯಲ್ಲಿ ಪುಟ ಹೊಲಿದುಕೊಡುವ ಫೈಲು ಇನ್ನೆಲ್ಲೋ ಅಡಗಿತ್ತು. ಅದನ್ನು ಬರೆದಿಟ್ಟವನು ಕೆಲಸ ಬಿಟ್ಟು ಯಾವ ಕಾಲವಾಗಿತ್ತೋ.

ಕ್ಯಾಷಿಯರಮ್ಮ ತನ್ನ ಫೋನಿನಲ್ಲಿ ಅತ್ತೆಯನ್ನು ಒತ್ತಿ ನೋಡಿದಳು. “ಅಯ್ಯೋ, ಇನ್ನೂ ನಗ್ತಾನೇ ಇದ್ದಾರಲ್ಲೋ!”

“ನನ್ನ ಫೋನಲ್ಲೂ ಇದ್ದಾರಪ್ಪಾ,” ಎಂದರು ಕುರ್ಚಿಗೆ ಪಾಲಿಶ್ ಹಚ್ಚುವ ಮಾಮ. “ತಮ್ಮಂಗೂ ಕಳಿಸ್ದೆ, ಅವನಿಗೂ ಕಾಣ್ತಾರಾ ನೋಡೋಣ ಅಂತ.”

“ನಿಮ್ಮ ಉಪಕಾರ ಸಾಕು ಮಾಮ!”

ಮತ್ತೆ ಯಜಮಾನರ ಫೋನು. “ಅತ್ತೆಗೆ ಗೊತ್ತಾಗೋಯ್ತು! ಯಾವನವನು, ಮುಖ ತೋರ್ಸಿ ಅಂದ್ರು. ಸೈಟಲ್ಲಿ ‘ನಮ್ಮ ಸಿಬ್ಬಂದಿ’ ತೆಗೆದು ನಿನ್ನ ಫೋಟೋ ತೋರಿಸ್ದೆ. ಬೀಗರು, ನಾದಿನಿಯರು, ಎಲ್ರೂ ಅವರವರ ಫೋನಲ್ಲಿ ನಿನ್ನನ್ನೇ ನೋಡ್ತಿದಾರೆ!”

ಕೊಡ ಬಿದ್ದ ಬಾವಿಗೆ ಪಾತಾಳಗರಡಿ ಇಳಿಬಿಟ್ಟವನಂತೆ ತಡಕಾಡಿ, ಊಟದ ಹೊತ್ತಿಗೆ ಸೈಟಪ್ಪ ಆ ಫೈಲನ್ನು ಮೇಲೆತ್ತಿದ. ಅದರಲ್ಲಿದ್ದ ಆಜ್ಞೆ ಇಷ್ಟೇ: ಅತಿ ಹೆಚ್ಚು ಜನ ತೆರೆದು ನೋಡಿದ ಫೋಟೋವನ್ನು ಮೇಲಿಟ್ಟು ಅರ್ಧ ಬೆಲೆಯ ಪಟ್ಟಿ ಹಚ್ಚು. ಹಿಂದಿನ ದಿನ ಯಜಮಾನರ ನೆಂಟರೆಲ್ಲ ಮುಗಿಬಿದ್ದು ನೋಡಿ ಅತ್ತೆಯನ್ನು ಏರಿಸಿದ್ದರು. ನೆರವಿಗೆ ಬಂದವರು ಇಳಿಯಗೊಟ್ಟಿರಲಿಲ್ಲ. ‘ಅತ್ತೆಯ ಫೋಟೋ ಮಾತ್ರ ಬೇಡ’ ಎಂದು ಕಂಪ್ಯೂಟರಿಗೆ ತಿಳಿಯುವಂತೆ ಬರೆದು ಅವನು ಬೆವರೊರೆಸಿಕೊಂಡ.

ಯಜಮಾನರ ಜೊತೆ ಅತ್ತೆ ಬಂದವರೇ ಬಾಗಿಲಲ್ಲಿ ನಿಂತು ಫೋನು ತೆರೆದರು. ಮುಖ ಅರಳಿತು. ಕೆಂಪು ಪಟ್ಟಿಯ ಕೆಳಗೆ ಈಗ ಸೈಟಪ್ಪ ಹಲ್ಲು ಕಿರಿಯುತ್ತಿದ್ದ.

“ಈಗ ಸರಿಹೋಯ್ತು ನೋಡಿ ಅಳಿಯಂದ್ರೇ. ಇದನ್ಯಾರೂ ಮುಟ್ಟಬಾರ್ದು. ಅವನ ಸಂಬಳಕ್ಕೂ ಅದೇ ಪಟ್ಟಿ ಹಚ್ಚಿ!”

ಸಂಜೆ ಅಂಗಡಿ ಮುಚ್ಚುವಾಗ ಸೈಟಪ್ಪನನ್ನೇ ಕೊಳ್ಳುವ ಆರ್ಡರೊಂದು ಬಂದಿತ್ತು: ಒಂದು ನಗ, ಹೆಸರಿಲ್ಲ, ತಾವೇ ಬಂದು ಒಯ್ಯುತ್ತಾರಂತೆ.

“ನೀನೇನೇ?” ಎಂದು ಮನೆಯಲ್ಲಿ ಹೆಂಡತಿಯನ್ನು ಕೇಳಿದ.

“ನಂಗೇನ್ ಹುಚ್ಚಾ? ಇರೋದೊಂದೇ ಸಾಕಾಗಿದೆ.”

ಆರ್ಡರ್ ಮಾಡಿದವರು ಯಾರೆಂದು ಇವತ್ತಿಗೂ ತಿಳಿದಿಲ್ಲ.