ಸಮುದ್ರವನ್ನು ಎಡಕ್ಕಿಟ್ಟುಕೊಂಡು

ನಡೆಯುವ ವಿಷಯದಲ್ಲಿ ನನಗೆ ಸರಿಸಾಟಿಯಾದವರು ಇಡೀ ನ್ಯೂಜೆರ್ಸಿಯಲ್ಲಿ ಇಲ್ಲ ಎಂಬುದು 1976ರ ಜೂನ್ ತಿಂಗಳವರೆಗೂ ನನ್ನ ದೃಢವಾದ ನಂಬಿಕೆಯಾಗಿತ್ತು. ಇದರಲ್ಲಿ ಉತ್ಪ್ರೇಕ್ಷೆಯೇನೂ ಇರಲಿಲ್ಲ. ನ್ಯೂಜೆರ್ಸಿಯಲ್ಲಿ ಬೇರೆ ಯಾರೂ ನಡೆಯುತ್ತಲೇ ಇರಲಿಲ್ಲ. ಪಿಸ್ಕಾಟವೇಯ ನಮ್ಮ ಅಪಾರ್ಟ್‌ಮೆಂಟಿನಿಂದ ನನ್ನ ಲ್ಯಾಬಿಗೆ ಒಂದೂವರೆ ಮೈಲಿ. ನಾನು ದಿನವೂ ನಡೆದೇ ಹೋಗುತ್ತಿದ್ದೆ. ಮೊದಲ ವರ್ಷದಲ್ಲಿ ಪೊಲೀಸರು ಮೂರು ಸಲ ಪಕ್ಕದಲ್ಲಿ ಕಾರು ನಿಲ್ಲಿಸಿ, "ಏನಾಯ್ತು ಸರ್, ನಿಮ್ಮ ಕಾರು ಕೆಟ್ಟುಹೋಯ್ತಾ?" ಎಂದು ವಿಚಾರಿಸಿದ್ದರು. ನಾಲ್ಕನೆಯ ಸಲ ನಿಲ್ಲಿಸಿದವನು ಏನನ್ನೂ ಕೇಳದೆ ಹಿಂದಿನ ಬಾಗಿಲು ತೆಗೆದ. ನಾನು ತಲೆಯೆತ್ತಿ, "ಐ ಆ್ಯಮ್ ವಾಕಿಂಗ್" ಎಂದೆ. ಅವನು ಪಾಪ, ರೋಗಿಯನ್ನು ನೋಡುವಂತೆ ನನ್ನನ್ನು ನೋಡಿ ಹೊರಟುಹೋದ.

ಆ ವರ್ಷ ನಾವು ಊರಿಗೆ ಹೊರಟದ್ದು ನನ್ನ ನಾದಿನಿ ವಿಜಿಯ ಮದುವೆಗೆ. ನಮ್ಮ ಅತ್ತೆಯವರು ತೀರಿಕೊಂಡು ಎರಡು ವರ್ಷವಾಗಿತ್ತು. ಮಾವನವರು ಒಬ್ಬರೇ ಧಾರೆ ಎರೆಯುವಂತಿಲ್ಲ, ಆದ್ದರಿಂದ ವಿಜಿಗೆ ಧಾರೆ ಎರೆದುಕೊಡಬೇಕಾದವರು ನಾವು ಗಂಡಹೆಂಡತಿಯೇ. ನಾವು ತಲುಪದಿದ್ದರೆ ಮುಹೂರ್ತ ನಿಲ್ಲುವುದಿಲ್ಲ, ಆದರೆ ಪದ್ಮಜಾ ನನ್ನ ಜೊತೆ ಮಾತು ನಿಲ್ಲಿಸುತ್ತಾಳೆ. ಟಿಕೆಟ್ಟಿನಲ್ಲಿ ಅಥೆನ್ಸಿನಲ್ಲಿ ಇಳಿದು ಮೂರು ದಿನ ಇದ್ದು ಹೋಗಲು ಅವಕಾಶವಿತ್ತು. ಇದು ಲ್ಯಾಬಿನಲ್ಲಿ ನನ್ನ ಪಕ್ಕದ ಮೇಜಿನ ಟೋನಿಯ ಕಿವಿಗೆ ಬಿತ್ತು.

ಟೋನಿ ಗ್ರೀಕರವನು. ಅಲ್ಲಿನ ಒಂದು ದ್ವೀಪದಲ್ಲಿ ಅವನ ವಯಸ್ಸಾದ ತಾಯಿ ಒಬ್ಬರೇ ಇದ್ದರು. ದ್ವೀಪದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಆ ಊರಿನವರಿಗೆ ಕನ್ನಡ ಬರುವುದಿಲ್ಲ ನಿಜ, ಆದರೆ ನನ್ನ ಮಾನ ನನ್ನ ಕೈಯಲ್ಲಿರಲಿ.

ಟೋನಿ ಒಂದು ಭಾರವಾದ ಡಬ್ಬ ತಂದು ಮೇಜಿನ ಮೇಲಿಟ್ಟ. ಒಳಗೆ ಎಲೆಕ್ಟ್ರಿಕ್ ಇಸ್ತ್ರಿ ಪೆಟ್ಟಿಗೆ.

"ಅಲ್ಲಿನ ಕರೆಂಟಿಗೆ ಇದು ಸುಟ್ಟುಹೋಗುತ್ತೆ, ಟೋನಿ" ಎಂದೆ ನಾನು, ಎಂಜಿನಿಯರಿನ ಗಾಂಭೀರ್ಯದಲ್ಲಿ.

"ನಮ್ಮಮ್ಮನಿಗೆ ಬೇಕಾಗಿರೋದು ಇಸ್ತ್ರಿ ಮಾಡೋಕಲ್ಲ, ಪಕ್ಕದ ಮನೆಯವರಿಗೆ ತೋರಿಸೋಕೆ" ಎಂದ ಟೋನಿ.

ಆಮೇಲೆ ಕ್ಯಾಂಟೀನಿನ ಕಾಗದದ ಕರವಸ್ತ್ರದ ಮೇಲೆ ನಕ್ಷೆ ಬರೆದ. ಹಡಗು ನಿಲ್ಲುವ ಬಂದರು. ಅಲ್ಲಿಂದ ಒಂದು ಬೀಚು, ಒಂದು ಗುಡ್ಡ, ಇನ್ನೊಂದು ಬೀಚು, ಇನ್ನೊಂದು ಗುಡ್ಡ, ಮೂರನೆಯ ಬೀಚಿನಲ್ಲಿ ಅಮ್ಮನ ಮನೆ. "ಅಮ್ಮ ಮುಕ್ಕಾಲು ಗಂಟೆಯಲ್ಲಿ ನಡೆದುಬಿಡ್ತಾಳೆ. ನೀವು ಮಾತ್ರ ದೋಣಿಯಲ್ಲಿ ಹೋಗಿ" ಎಂದ. ಈ ಎರಡು ವಾಕ್ಯಗಳಲ್ಲಿ ನನ್ನ ಕಿವಿ ಮೊದಲನೆಯದನ್ನು ಸ್ವೀಕರಿಸಿತು.

ದ್ವೀಪದಲ್ಲಿ ನಮಗಿದ್ದದ್ದು ಒಂದೇ ಪೂರ್ತಿ ದಿನ. ಬೆಳಿಗ್ಗೆ ಹತ್ತಕ್ಕೆ ಬಂದರಿನಿಂದ ಸಣ್ಣ ದೋಣಿ ಟೋನಿಯ ಊರಿಗೆ ಹೋಗುತ್ತದೆ, ಮೂರೂವರೆಗೆ ಅಲ್ಲಿಂದ ವಾಪಸ್ಸು ಹೊರಡುತ್ತದೆ. ನಾಲ್ಕೂವರೆಗೆ ಅಥೆನ್ಸಿನ ಕಡೆಗೆ ದೊಡ್ಡ ಹಡಗು. ಅದು ತಪ್ಪಿದರೆ ಮುಂದಿನ ಹಡಗು ಮೂರು ದಿನ ಬಿಟ್ಟು. ಅಷ್ಟರಲ್ಲಿ ಮೈಸೂರಿನಲ್ಲಿ ವಿಜಿಯ ಮದುವೆ ಮುಗಿದು, ಬೀಗರು ಊಟದ ಬಗ್ಗೆ ತಕರಾರು ಹೇಳಿಯೂ ಮುಗಿದಿರುತ್ತದೆ.

"ದೋಣಿ ಇದೆಯಲ್ಲಾ ರೀ, ಸುಮ್ನೆ ಕೂತ್ಕೊಂಡು ಹೋಗೋಣ" ಎಂದಳು ಪದ್ಮಜಾ.

"ಮುಕ್ಕಾಲು ಗಂಟೆ ದಾರಿಗೆ ದೋಣಿಯಾ? ಎಪ್ಪತ್ತು ವರ್ಷದ ಮುದುಕಿ ನಡೀತಾಳಂತೆ. ನನಗಿನ್ನೂ ಮೂವತ್ತೆಂಟು."

"ಅವರಿಗೆ ದಾರಿ ಗೊತ್ತು."

"ದಾರಿ ಗೊತ್ತಿರೋದಕ್ಕೆ ಏನಿದೆ, ಪದ್ಮಾ? ಹೋಗ್ತಾ ಸಮುದ್ರ ಎಡಕ್ಕಿರಬೇಕು, ಅಷ್ಟೆ. ಸಮುದ್ರ ಎಡಕ್ಕಿರೋವರೆಗೂ ಯಾರೂ ದಾರಿ ತಪ್ಪೋಕೆ ಸಾಧ್ಯವಿಲ್ಲ."

ಅವಳು ಸೀರೆಯನ್ನು ಸ್ವಲ್ಪ ಎತ್ತಿ ಸಿಕ್ಕಿಸಿ, ಕ್ಯಾನ್ವಾಸ್ ಷೂಗಳ ಲೇಸು ಬಿಗಿದುಕೊಂಡಳು. ನಾನು ಮದುವೆಗೆಂದು ಕೊಂಡಿದ್ದ ಹೊಸ ಚಪ್ಪಲಿಯನ್ನೇ ಹಾಕಿಕೊಂಡು, ಇಸ್ತ್ರಿ ಪೆಟ್ಟಿಗೆಯ ಚೀಲವನ್ನು ಹೆಗಲಿಗೇರಿಸಿ ಹೊರಟೆ.

ಮೊದಲನೆಯ ಬೀಚು ಹತ್ತು ನಿಮಿಷದಲ್ಲಿ ಮುಗಿಯಿತು. ಆ ಹತ್ತು ನಿಮಿಷದಲ್ಲಿ ನಾನು ಪದ್ಮಜಾಗೆ ನಡಿಗೆಯಿಂದಾಗುವ ಲಾಭಗಳು, ಅಮೆರಿಕನ್ನರ ಸೋಮಾರಿತನ ಮತ್ತು ಉಸಿರಾಡುವ ಸರಿಯಾದ ಕ್ರಮವನ್ನು ತಿಳಿಸಿಕೊಟ್ಟೆ. ಗುಡ್ಡ ಹತ್ತಲು ಶುರುಮಾಡಿದ ಮೇಲೆ ಉಸಿರು ಬೇರೆ ಕೆಲಸಕ್ಕೆ ಬೇಕಾಯಿತು. ಅರ್ಧ ಗುಡ್ಡದಲ್ಲಿ ದಾರಿ ಎರಡಾಯಿತು. ಒಂದು ಮೇಲಕ್ಕೆ, ಒಂದು ಸಮುದ್ರದ ಪಕ್ಕಕ್ಕೆ.

"ಮೇಲಿನ ದಾರೀಲಿ ಹೆಜ್ಜೆ ಗುರುತಿದೆ" ಎಂದಳು ಪದ್ಮಜಾ.

"ಕೆಳಗಿನ ದಾರೀಲಿ ಸಮುದ್ರ ಇದೆ" ಎಂದೆ.

ಕೆಳಗಿನ ದಾರಿಯಲ್ಲಿದ್ದದ್ದು ಮೇಕೆಗಳ ಹಿಕ್ಕೆ. ಅದು ಮನುಷ್ಯರು ಮಾಡಿದ ದಾರಿಯೇ ಅಲ್ಲ ಎಂದು ತಿಳಿಯುವ ಹೊತ್ತಿಗೆ ಒಂದು ಬಂಡೆಯ ತುದಿಗೆ ಬಂದಿದ್ದೆವು. ಕೆಳಗೆ ಮೊಣಕಾಲುದ್ದ ನೀರು. ಅದೇ ಹೊತ್ತಿಗೆ ಹತ್ತು ಗಂಟೆಯ ದೋಣಿ ಸ್ವಲ್ಪ ದೂರದಲ್ಲಿ ಬಂತು. ದೋಣಿಯವನು ವೇಗ ತಗ್ಗಿಸಿ, ಎರಡೂ ಕೈ ಎತ್ತಿ ನಮ್ಮತ್ತ ಬೀಸಿದ. ಒಳಗಿದ್ದವರೂ ಬೀಸಿದರು.

"ಎಷ್ಟು ಸ್ನೇಹದ ಜನ ನೋಡು" ಎಂದು ನಾನೂ ಕೈ ಬೀಸಿದೆ. ಅವನು ಏನೋ ಕೂಗಿದ. ನಾನು ಇನ್ನೂ ಜೋರಾಗಿ ಬೀಸಿದೆ. ಅವನು ಭುಜ ಕುಣಿಸಿ ಮುಂದೆ ಹೋದ.

"ಹತ್ತಿಸ್ಕೊಳ್ಳೋದಕ್ಕೆ ಕರೆದರು ರೀ ಅವರು" ಎಂದಳು ಪದ್ಮಜಾ, ದೋಣಿ ಚಿಕ್ಕದಾಗುವುದನ್ನೇ ನೋಡುತ್ತ. "ನೀವು ಹೋಗು ಹೋಗು ಅಂತ ಕಳಿಸಿಬಿಟ್ರಿ."

ನೀರಿಗಿಳಿಯದೆ ಬೇರೆ ಉಪಾಯವಿರಲಿಲ್ಲ. ಪದ್ಮಜಾ ಬಂಡೆ ಹಿಡಿದುಕೊಂಡು, ಹೆಜ್ಜೆಯ ಮೇಲೆ ಹೆಜ್ಜೆ ಇಟ್ಟು ದಾಟಿದಳು. ನಾನು ಇಸ್ತ್ರಿ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ತಲೆಯ ಮೇಲೆ ಎತ್ತಿ ಹಿಡಿದು, ಕೃಷ್ಣನನ್ನು ಹೊತ್ತ ವಸುದೇವನ ಹಾಗೆ ಇಳಿದೆ. ವಸುದೇವನಿಗೆ ಯಮುನೆ ದಾರಿ ಬಿಟ್ಟಳು. ನನಗೆ ಪಾಚಿ ಸಿಕ್ಕಿತು. ಪೆಟ್ಟಿಗೆ ಒಣಗಿದ್ದ ಹಾಗೇ ಉಳಿಯಿತು, ಅದರ ಕೆಳಗಿನ ಭಾಗವೆಲ್ಲ, ಅಂದರೆ ನಾನು, ಮುಳುಗಿ ಎದ್ದೆ. ಎಡಗಾಲಿನ ಚಪ್ಪಲಿ ತೇಲಿಕೊಂಡು ಹೊರಟಿತು, ದೋಣಿ ಹೋದ ದಿಕ್ಕಿಗೇ.

ಆ ಕಡೆಯ ದಂಡೆ ಹತ್ತಿ, ಬಂಡೆಯಿಂದ ಬಂಡೆಗೆ ಎರಡು ಗಂಟೆ ತೆವಳಿ ಬಳಸಿದರೆ ಎರಡನೆಯ ಬೀಚು. ಮುಂದಿದ್ದ ಪದ್ಮಜಾ ಗಕ್ಕನೆ ನಿಂತಳು.

"ರೀ, ಮುಂದೆ ನೋಡಬೇಡಿ."

"ದಾರಿ ಇರೋದೇ ಮುಂದೆ."

"ಹಾಗಾದ್ರೆ ಸಮುದ್ರ ನೋಡ್ಕೊಂಡು ಬನ್ನಿ."

ನೋಡಿದೆ. ಸಮುದ್ರದಲ್ಲೂ ಇಬ್ಬರಿದ್ದರು. ದಂಡೆಯ ಮೇಲೆ ಆರೇಳು ಜನ, ಹುಡುಗರೂ ಹುಡುಗಿಯರೂ, ಹುಟ್ಟಿದಾಗ ಹೇಗಿದ್ದರೋ ಹಾಗೆಯೇ ಬಿಸಿಲಿಗೆ ಮಲಗಿದ್ದರು. ಹಳಗನ್ನಡದಲ್ಲಿ ಬಟ್ಟೆ ಎಂದರೆ ದಾರಿ. ಬಟ್ಟೆ ತಪ್ಪಿದ ನಾನು ಬಟ್ಟೆ ಇಲ್ಲದವರ ಮುಂದೆ ಬಂದು ನಿಂತಿದ್ದೆ.

"ಆಕಾಶ ನೋಡ್ಕೊಂಡು ನಡೀರಿ" ಎಂದು ಪದ್ಮಜಾ ತೀರ್ಪು ಕೊಟ್ಟಳು. ಕುರುಡನಂತೆ ನಾನು ಅವಳ ಸೆರಗಿನ ತುದಿ ಹಿಡಿದು, ಮುಖ ಮೇಲಕ್ಕೆತ್ತಿ ಹೆಜ್ಜೆ ಹಾಕಿದೆ. ಆಕಾಶ ಬಹಳ ಸ್ವಚ್ಛವಾಗಿತ್ತು. ನೆಲ ಹಾಗಿರಲಿಲ್ಲ. ಚಪ್ಪಲಿಯಿಲ್ಲದ ಕಾಲು ಯಾರೋ ಮರಳಿನಲ್ಲಿ ತೋಡಿದ್ದ ಗುಂಡಿಯೊಳಗೆ ಹೋಯಿತು. ಕಣಕಾಲು ಒಂದು ಕಡೆ, ನಾನು ಒಂದು ಕಡೆ.

ನನ್ನ ಕೂಗಿಗೆ ಅಷ್ಟೂ ಜನ ಎದ್ದು ಓಡಿಬಂದರು. ಪರೋಪಕಾರಿಗಳು, ಅದರಲ್ಲಿ ಎರಡು ಮಾತಿಲ್ಲ. ಗಡ್ಡದ ಹುಡುಗನೊಬ್ಬ ನನ್ನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಒತ್ತಿ ನೋಡಿ, "ಮುರಿದಿಲ್ಲ, ಉಳುಕಿದೆ. ಬಿಗಿಯಾಗಿ ಕಟ್ಟಬೇಕು. ಬಟ್ಟೆ ಇದೆಯಾ?" ಎಂದು ಇಂಗ್ಲಿಷಿನಲ್ಲಿ ಕೇಳಿದ. ಅಲ್ಲಿ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರ ಹತ್ತಿರ ಗಿಟಾರಿತ್ತು, ಕಲ್ಲಂಗಡಿ ಹಣ್ಣಿತ್ತು. ಪದ್ಮಜಾ ನನ್ನ ಹೆಗಲ ಮೇಲಿದ್ದ ಟವಲು ಹರಿದು ಕಟ್ಟಿದಳು.

ಹುಡುಗನ ಕಣ್ಣು ಇಸ್ತ್ರಿ ಪೆಟ್ಟಿಗೆಯ ಚೀಲದ ಮೇಲಿದ್ದ ನ್ಯೂಜೆರ್ಸಿ ಅಂಗಡಿಯ ಹೆಸರಿನ ಮೇಲೆ ಬಿತ್ತು. "ಅರೆ, ನೀವು ಜೆರ್ಸಿಯವರಾ? ಯಾವ ಎಕ್ಸಿಟ್?"

ಜೆರ್ಸಿಯವರು ತಮ್ಮ ಊರು ಹೇಳುವುದೇ ಹೆದ್ದಾರಿಯಿಂದ ಇಳಿಯುವ ಎಕ್ಸಿಟ್ಟಿನ ನಂಬರಿನಲ್ಲಿ. "ಒಂಬತ್ತು" ಎಂದೆ, ಆಕಾಶಕ್ಕೆ.

"ನಾನು ಹನ್ನೊಂದು" ಎಂದು ಅವನು ಸಂತೋಷದಿಂದ ನನ್ನ ಕೈ ಕುಲುಕಿದ. ಏಳು ವರ್ಷ ಅಮೆರಿಕದಲ್ಲಿದ್ದೂ ನನಗೆ ಸಿಕ್ಕದಿದ್ದ ನೆರೆಹೊರೆಯ ಪ್ರೀತಿ ಅಲ್ಲಿ, ಆ ಸ್ಥಿತಿಯಲ್ಲಿ ಸಿಕ್ಕಿತು.

ಗಂಟೆ ಒಂದಾಗಿತ್ತು. ಕಾಲ ನಮಗಾಗಿ ನಿಲ್ಲುತ್ತಿರಲಿಲ್ಲ, ಕಾಲು ನನ್ನನ್ನು ನಿಲ್ಲಿಸುತ್ತಿರಲಿಲ್ಲ. ಪದ್ಮಜಾ ನನ್ನನ್ನು ಒಂದು ಬಂಡೆಗೆ ಒರಗಿಸಿ ಕೂರಿಸಿದಳು. ಮುಖದ ಮೇಲೆ ಬಿಸಿಲು ಬೀಳಬಾರದೆಂದು, ಹಾಗೂ ಬೇರೆ ಕಾರಣಕ್ಕೂ, ತನ್ನ ಶಾಲನ್ನು ನನ್ನ ತಲೆಗೆ ಹೊದಿಸಿ ಕಣ್ಣಿನ ತನಕ ಎಳೆದು, "ಇಲ್ಲೇ ಇರಿ" ಎಂದು ಗುಡ್ಡ ಹತ್ತಿಹೋದಳು. ಇನ್ನೆಲ್ಲಿಗೆ ಹೋಗಲಿ? ಅವಳು ಕಣ್ಮರೆಯಾದ ಮೇಲೆ ಮೊದಲ ಸಲ ನನಗೆ ಭಯವಾಯಿತು. ಧಾರೆ ಎರೆಯುವ ಹೊತ್ತಿಗೆ ಮಂಟಪದಲ್ಲಿ ಖಾಲಿ ಬಿದ್ದಿರುವ ಎರಡು ಮಣೆಗಳು ಕಣ್ಣಿಗೆ ಬಂದವು. ವಿಜಿ ಬಾಗಿಲ ಕಡೆ ನೋಡುತ್ತಿರುವುದೂ ಕಂಡಿತು. ನನ್ನ ಹಟಕ್ಕೆ ಆ ಹುಡುಗಿಯೇಕೆ ದಂಡ ತೆರಬೇಕು ಅನ್ನಿಸಿ, ಶಾಲಿನೊಳಗೇ ನಾಚಿಕೊಂಡೆ.

ಮುಕ್ಕಾಲು ಗಂಟೆಯಾದ ಮೇಲೆ ಪದ್ಮಜಾ ಬಂದಳು. ಜೊತೆಯಲ್ಲಿ ತಲೆಯಿಂದ ಕಾಲಿನವರೆಗೆ ಕಪ್ಪು ಉಟ್ಟ ಹೆಂಗಸು, ಅವಳ ಹಿಂದೆ ಒಂದು ಕತ್ತೆ. ಆ ಹೆಂಗಸು ಗ್ರೀಕಿನಲ್ಲಿ ಮಾತಾಡುತ್ತಿದ್ದಳು, ಪದ್ಮಜಾ ಶುದ್ಧ ಮೈಸೂರು ಕನ್ನಡದಲ್ಲಿ ಉತ್ತರ ಕೊಡುತ್ತಿದ್ದಳು. ಇಬ್ಬರಿಗೂ ಎಲ್ಲವೂ ಅರ್ಥವಾಗುತ್ತಿತ್ತು. ಹೆಂಗಸು ನನ್ನನ್ನು ತೋರಿಸಿ ಏನೋ ಕೇಳಿದಳು.

"ಹೂಂ ಕಣಮ್ಮ, ಏನ್ಮಾಡೋದು, ನಮ್ಮೋರೇ ಅಲ್ವಾ" ಎಂದಳು ಪದ್ಮಜಾ. ಹೆಂಗಸು ನಿಟ್ಟುಸಿರು ಬಿಟ್ಟು ಅವಳ ಬೆನ್ನು ಸವರಿದಳು.

ಬೆತ್ತಲೆ ಜನ ನಾಲ್ವರು ಸೇರಿ ನನ್ನನ್ನು ಎತ್ತಿ ಕತ್ತೆಯ ಮೇಲೆ ಒಂದೇ ಕಡೆಗೆ ಕಾಲು ಬಿಟ್ಟು ಕೂರಿಸಿದರು. ತೊಡೆಯ ಮೇಲೆ ಇಸ್ತ್ರಿ ಪೆಟ್ಟಿಗೆ, ತಲೆಯ ಮೇಲೆ ಶಾಲು. ಮೈಯ ಉಪ್ಪುನೀರು ಒಣಗಿ, ಮೂರು ದಿನದ ಗಡ್ಡ, ಮೀಸೆ, ಹುಬ್ಬು ಎಲ್ಲದರ ಮೇಲೂ ಬೆಳ್ಳಗೆ ಹಿಟ್ಟು ಹಿಡಿದಿತ್ತು. ಕತ್ತೆ ಸಮುದ್ರದ ಕಡೆ ತಿರುಗಿಯೂ ನೋಡದೆ ಗುಡ್ಡದ ಮೇಲಿನ ದಾರಿ ಹಿಡಿಯಿತು. ನಾನು ಸಲಹೆ ಕೊಡಲಿಲ್ಲ.

ಮೂರಕ್ಕೆ ಐದು ನಿಮಿಷವಿರುವಾಗ ಟೋನಿಯ ಮನೆಯಂಗಳ ಸೇರಿದೆವು. ಟೋನಿಯ ತಾಯಿ ಓಡಿಬಂದು ಪದ್ಮಜಾಳ ಎರಡೂ ಕೆನ್ನೆಗೆ ಮುತ್ತಿಟ್ಟರು. ಇಸ್ತ್ರಿ ಪೆಟ್ಟಿಗೆ ನೋಡಿ ಕಣ್ಣೊರೆಸಿಕೊಂಡು, ಅದನ್ನು ಹೊರಗಿನ ಕಿಟಕಿಯಲ್ಲಿ ಬೀದಿಗೆ ಕಾಣುವಂತೆ ಇಟ್ಟರು. ನನಗೆ ಸಿಕ್ಕಿದ ಉಪಚಾರವಂತೂ ಹೇಳತೀರದು. ಪದ್ಮಜಾಗೆ ಬರೀ ಮರದ ಸ್ಟೂಲು, ನನಗೆ ನೆರಳಿನಲ್ಲಿ ದಿಂಬು ಹಾಕಿದ ಕುರ್ಚಿ. ಅವಳಿಗೆ ಕಿತ್ತಳೆ ಸಿಪ್ಪೆಯ ಮುರಬ್ಬ, ತಣ್ಣೀರು. ನನಗೆ ಬೆಚ್ಚಗಿನ ಹಾಲು, ಅದರಲ್ಲಿ ನೆನೆಸಿದ ಬ್ರೆಡ್ಡು. ಆ ತಾಯಿ ನನ್ನ ಹತ್ತಿರ ಬಂದಾಗಲೆಲ್ಲ ದನಿ ಎತ್ತರಿಸಿ, ಒಂದೊಂದೇ ಮಾತನ್ನು ಬಿಡಿಸಿ ಹೇಳುತ್ತಿದ್ದರು. ನಾನು ನಗುತ್ತ, ನಮ್ಮ ಪದ್ಧತಿಯಂತೆ ತಲೆಯನ್ನು ಅತ್ತಿತ್ತ ಆಡಿಸುತ್ತಿದ್ದೆ. ಹೊರಡುವಾಗ ನನ್ನ ತಲೆಯ ಮೇಲೆ ಕೈಯಿಟ್ಟು ಶಿಲುಬೆಯ ಗುರುತು ಮಾಡಿದರು.

ಮೂರೂವರೆಯ ದೋಣಿ ಸಿಕ್ಕಿತು. ಬಂದರಿಗೆ ಇಪ್ಪತ್ತೇ ನಿಮಿಷ. ದೋಣಿಯವನು ನನ್ನ ಬರಿಗಾಲು ನೋಡಿ, ಎಂಜಿನ್ನಿನ ಪಕ್ಕದಿಂದ ಒದ್ದೆ ಚಪ್ಪಲಿಯೊಂದನ್ನು ತೆಗೆದುಕೊಟ್ಟ.

"ನೋಡಿದೆಯಾ ಪದ್ಮಾ, ಆ ಮನೇಲಿ ಎಂಜಿನಿಯರಿಗೆ ಎಷ್ಟು ಮರ್ಯಾದೆ" ಎಂದೆ ಹಡಗು ಹತ್ತಿದ ಮೇಲೆ. ಪದ್ಮಜಾ ಸಮುದ್ರ ನೋಡುತ್ತ ಕೂತಿದ್ದಳು.

ಮದುವೆ ಚೆನ್ನಾಗಿ ನಡೆಯಿತು. ಮಣೆಯ ಮೇಲೆ ಕೂರುವುದಕ್ಕೆ ಇಬ್ಬರು ನನ್ನನ್ನು ಇಳಿಸಬೇಕಾಯಿತು, ಏಳಿಸುವುದಕ್ಕೆ ಮೂವರು. ಧಾರೆಯ ನೀರು ಬಿಡುವಾಗ ಪದ್ಮಜಾ ಅತ್ತಳು, ನನಗೂ ಕಣ್ಣು ತುಂಬಿತು. ನನ್ನದು ಕಾಲುನೋವಿಗೆ ಎಂದು ಎಲ್ಲರೂ ತಿಳಿದರು.

ಆಗಸ್ಟ್‌ನಲ್ಲಿ, ಪಿಸ್ಕಾಟವೇಗೆ ಹಿಂತಿರುಗಿದ ಮೊದಲ ಭಾನುವಾರ, ಟೋನಿ ನಮ್ಮ ಮನೆಗೆ ಊಟಕ್ಕೆ ಬಂದ. ಜೇಬಿನಲ್ಲಿ ಅವನ ತಾಯಿಯ ಕಾಗದ. ಅವರು ಹೇಳಿ, ಊರಿನ ಪಾದ್ರಿಯಿಂದ ಬರೆಸಿದ್ದು. "ನಿಮ್ಮ ವಿಷಯ ತುಂಬಾ ಬರೆದಿದ್ದಾಳೆ" ಎಂದು ಟೋನಿ ಸಾರು ಕುಡಿಯುವುದನ್ನು ನಿಲ್ಲಿಸಿ, ಗ್ರೀಕನ್ನು ಇಂಗ್ಲಿಷಿಗೆ ತಿರುಗಿಸುತ್ತ ಓದತೊಡಗಿದ. ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ.

"'ಮಗನೇ, ನಿನ್ನ ಸ್ನೇಹಿತನ ಹೆಂಡತಿ ಬಂದಿದ್ದಳು. ಬಂಗಾರದಂಥ ಹೆಂಗಸು. ಆ ಬಿಸಿಲಿನಲ್ಲಿ, ತನ್ನ ಮುದಿ ತಂದೆಯನ್ನು ಕತ್ತೆಯ ಮೇಲೆ ಕೂರಿಸಿ, ತಾನು ನಡೆದುಕೊಂಡು ಬಂದಳು. ಪಾಪ, ಮುದುಕನಿಗೆ ಕಾಲಿಲ್ಲ, ಕಿವಿಯಿಲ್ಲ, ಬುದ್ಧಿಯೂ ಅಷ್ಟಕ್ಕಷ್ಟೆ. ಏನು ಕೇಳಿದರೂ ನಗುತ್ತ ತಲೆ ಅಲ್ಲಾಡಿಸುತ್ತಿದ್ದ. ಹಾಲು ಬ್ರೆಡ್ಡು ಕೊಟ್ಟೆ, ತಿಂದ. ಹೆಚ್ಚು ದಿನ ಉಳಿಯುವ ಹಾಗೆ ಕಾಣಲಿಲ್ಲ. ಇಂಥ ಭಾರವನ್ನು ಹೆಂಡತಿಯೊಬ್ಬಳ ಮೇಲೆ ಹಾಕಿ ತಾನು ಬರದೆ ಉಳಿದ ನಿನ್ನ ಸ್ನೇಹಿತ ಎಂಥವನೋ. ಅವನ ಸಹವಾಸ ಕಡಿಮೆ ಮಾಡು.'"

ಟೋನಿ ಕಾಗದ ಮಡಚಿ, ಗೊಂದಲದಿಂದ ನನ್ನನ್ನು ನೋಡಿದ. "ನಿಮ್ಮ ಮಾವನವರೂ ಬಂದಿದ್ದರು ಅಂತ ನೀವು ಹೇಳಲೇ ಇಲ್ಲ."

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಪದ್ಮಜಾ ಅವನ ತಟ್ಟೆಗೆ ಇನ್ನೊಂದು ಸೌಟು ಅನ್ನ ಹಾಕುತ್ತ, ಇಂಗ್ಲಿಷಿನಲ್ಲಿ ಮೃದುವಾಗಿ ಹೇಳಿದಳು:

"ಕರೆದುಕೊಂಡು ಹೋಗಿದ್ದೆ, ಟೋನಿ. ಈಗ ಎಷ್ಟೋ ವಾಸಿ. ಹೇಳಿದ ಮಾತು ಕೇಳುತ್ತಾರೆ."

ನಾನು ನಗುತ್ತ ತಲೆ ಅಲ್ಲಾಡಿಸಿದೆ.