ನಡುಮನೆಗೆ ಸೂರ್ಯನ ಕನೆಕ್ಷನ್

"ಇವತ್ತಿಂದ ಈ ಮನೇಲಿ ಹಗಲು ಹೊತ್ತು ಒಂದೇ ಒಂದು ಬಲ್ಬು ಉರಿಯಂಗಿಲ್ಲ!" ಎಂದು ರುದ್ರಮೂರ್ತಿ ಘೋಷಿಸಿಬಿಟ್ಟ. ಘೋಷಿಸಿದ್ದಷ್ಟೇ ಅಲ್ಲ, ಸ್ಟೂಲು ಹತ್ತಿ ನಡುಮನೆಯ ಟ್ಯೂಬ್‌ಲೈಟು ಬಿಚ್ಚಿ ಅಟ್ಟಕ್ಕೇರಿಸಿದ. ತರೀಕೆರೆ ಪೇಟೆಯಲ್ಲಿ ಬಲ್ಬು ಮಾರಿಯೇ ಸಂಸಾರ ಸಾಗಿಸುವ ಮನುಷ್ಯನ ಬಾಯಲ್ಲಿ ಇಂಥ ಶಪಥ! ತಾಯಿ ಪ್ರೇಮಮ್ಮ ಮಗನಿಗೆ ಜ್ವರಗಿರ ಬಂತೋ ಎಂದು ಹಣೆ ಮುಟ್ಟಿ ನೋಡಿದರು.

ಶಪಥಕ್ಕೆ ಕಾರಣ ಒಂದು ಬ್ಲೌಸು. ಅವನ ಹೆಂಡತಿ ತನುಜಾ ನಡುಮನೆಯಲ್ಲಿ ಮಿಷನ್ ಇಟ್ಟುಕೊಂಡು ಬಟ್ಟೆ ಹೊಲಿಯುತ್ತಾಳೆ. ಆ ನಡುಮನೆಗೆ ಎರಡೂ ಕಡೆ ಪಕ್ಕದ ಮನೆಯವರ ಗೋಡೆ, ಕಿಟಕಿ ಎಂಬುದೇ ಇಲ್ಲ. ಅಜ್ಜಂಪುರದ ಸ್ಫೂರ್ತಿಯ ನಿಶ್ಚಿತಾರ್ಥದ ಬ್ಲೌಸು ಅಲ್ಲಿ ಟ್ಯೂಬ್‌ಲೈಟಿನಡಿ ಚೆನ್ನಾಗಿಯೇ ಕಂಡಿತ್ತು. ಊರಿಗೆ ಒಯ್ದು ಅಂಗಳದಲ್ಲಿ ಬಿಡಿಸಿದರೆ, ಬದನೆಕಾಯಿ ಬಣ್ಣದ ಬ್ಲೌಸಿನ ಅಂಚಿಗೆ ಕಾಫಿಪುಡಿ ಬಣ್ಣದ ಪೈಪಿಂಗು! ಹುಡುಗಿ ಕಣ್ಣು ಒರೆಸಿಕೊಳ್ಳುತ್ತಾ ವಾಪಸ್ ತಂದಳು.

"ಭಾನುವಾರ ನಿಶ್ಚಿತಾರ್ಥ ಕಣಕ್ಕಾ. ಬೇರೆ ಪೀಸು ತಂದಿದೀನಿ, ಶನಿವಾರ ಬತ್ತೀನಿ. ಈ ಸಲಾನೂ ತಪ್ಪಾದ್ರೆ ನಾನೇನು ಹಾಕ್ಕಳ್ಳಿ?"

ತನುಜಾ ಅವತ್ತು ತಟ್ಟೆ ಸರಿಸಿ ಎದ್ದಳು. ಅಜ್ಜಂಪುರದ ಅರ್ಧ ಊರಿನ ಬ್ಲೌಸು ಹೊಲಿಯುವವಳು ಅವಳೇ. ಆ ಅರ್ಧ ಊರೂ ಭಾನುವಾರ ನಿಶ್ಚಿತಾರ್ಥದಲ್ಲಿರುತ್ತದೆ.

"ತಪ್ಪು ನಿಂದಲ್ಲ ಕಣೇ, ಬೆಳಕಿಂದು," ಎಂದ ರುದ್ರಮೂರ್ತಿ. ಒಳ್ಳೆಯ ಗಂಡನೇ. ಆದರೆ ಗಿರಾಕಿಗಳಿಗೆ ಪಾಠ ಹೇಳಿ ಹೇಳಿ ಬಾಯಿ ಸುಮ್ಮನಿರದು. "ಕೇಳಿಲ್ಲಿ. ವ್ಯಾಟು ಅಂದ್ರೆ ಬಲ್ಬು ತಿನ್ನೋದು. ಲೂಮೆನ್ನು ಅಂದ್ರೆ ಅದು ದುಡಿದು ಕೊಡೋದು. ಅದ್ರಲ್ಲಿ ನಿನ್ನ ಬಟ್ಟೆ ಮೇಲೆ ಬಂದು ಬೀಳೋದು ಲಕ್ಸು."

"ಹಂಗಾದ್ರೆ ನಿಮ್ದು ವ್ಯಾಟು ಜಾಸ್ತಿ, ಲೂಮೆನ್ನು ಕಮ್ಮಿ ಬಿಡಿ."

ಇಂಥ ಮಾತಿಗೆಲ್ಲ ಕುಗ್ಗುವ ಜೀವವಲ್ಲ ಅದು. ಬಣ್ಣ ನಿಜವಾಗಿ ಕಾಣಬೇಕಾದರೆ ಹಗಲ ಬೆಳಕೇ ಬೇಕು, ಅದನ್ನು ತಾರಸಿ ಕೊರೆದಾದರೂ ನಡುಮನೆಗೆ ಇಳಿಸುತ್ತೇನೆ ಎಂದು ಪಟ್ಟು ಹಿಡಿದ. ಕಡೂರಿನಲ್ಲಿ ಕಂಟ್ರಾಕ್ಟರ್ ಆಗಿರುವ ತನುಜಾಳ ತಮ್ಮ ಕಲ್ಲೇಶ್ ಫೋನಿನಲ್ಲೇ ತಡೆದು ನೋಡಿದ. "ಭಾವ, ಅವಸರ ಬ್ಯಾಡ. ಮೊದ್ಲು ಮನೆಯೆಲ್ಲಾ ಒಂದ್ಸಲ ಸುತ್ತಿ ನೋಡಿ."

"ನೀನು ಶನಿವಾರ ಬಾ. ಕೂಲಿಂಗ್ ಗ್ಲಾಸ್ ಹಾಕ್ಕಂಡೇ ಬಾ," ಎಂದು ಭಾವ ಫೋನ್ ಇಟ್ಟ.

ತಾರಸಿ ಕೊರೆದರು. ಸಾರಿನಲ್ಲಿ ಸಿಮೆಂಟು, ಅನ್ನದಲ್ಲಿ ಜಲ್ಲಿ. ಅಂತೂ ಕೊರೆದ ತೂತಿಗೆ ಗಾಜು ಕೂತಿತು, ಸೂರ್ಯನೂ ಬಂದ. ಬಂದವನು ನೇರ ತನುಜಾಳ ಕಣ್ಣಿಗೇ ಬಂದ. ಅವಳು ಮಿಷನ್ ಸರಿಸಿದರೆ ಬಿಸಿಲೂ ಹಿಂದೆಯೇ ಸರಿಯಿತು.

"ರೀ, ಇದು ಬೆಳಕಲ್ಲ, ಬಿಸಿಲು. ಸೂಜಿ ನೋಡಿದ್ರೆ ಕಣ್ಣು ಕುಕ್ಕುತ್ತೆ."

"ಅದಕ್ಕೆ ಗ್ಲೇರ್ ಅಂತಾರೆ," ಎಂದ ರುದ್ರಮೂರ್ತಿ, ಕಾಯಿಲೆಯ ಹೆಸರು ಹೇಳಿದರೆ ವಾಸಿಯಾದಂತೆ. ಬಿಸಿಲು ನೇರ ಬೀಳಬಾರದು, ಬೆಳಕು ಸೋಸಿ ಎಲ್ಲ ಕಡೆ ಸಮನಾಗಿ ಹರಡಬೇಕು ಎಂದು ಗಾಜಿಗೆ ಬಿಳಿ ಹಾಳೆ ಅಂಟಿಸಿದ. ನಿಜ ಹೇಳಬೇಕೆಂದರೆ ಶುಕ್ರವಾರ ನಡುಮನೆ ಬೆಳಗಿತು. ತನುಜಾ ಹೊಸ ಪೀಸು ಕತ್ತರಿಸಿಟ್ಟಳು. ರುದ್ರಮೂರ್ತಿ ಅಂಗಡಿಗೆ ಬಂದವರಿಗೆಲ್ಲ, ಸೂರ್ಯನಿಗೆ ತಾನೇ ವೈರಿಂಗ್ ಮಾಡಿಸಿದ ಹಾಗೆ ಹೇಳಿಕೊಂಡ.

ಶನಿವಾರ ಕಲ್ಲೇಶ್ ಅಂಗಡಿಗೇ ಬಂದ. ಭಾವ ಅವನನ್ನು ಮನೆಗೆ ಎಳೆದುಕೊಂಡು ಹೋಗಿ, "ಕಣ್ಣು ಮುಚ್ಕೋ," ಎಂದು ಕೈಹಿಡಿದು ನಡುಮನೆಗೆ ನಡೆಸಿದ.

"ಈಗ ಕಣ್ಣು ಬಿಡು."

"ಬಿಟ್ಟೇ ಇದೀನಿ ಭಾವ."

ಕಗ್ಗತ್ತಲು! ರುದ್ರಮೂರ್ತಿ ಫೋನಿನ ಲಕ್ಸ್ ಮೀಟರ್ ತೆಗೆದ. ಬರೀ ಒಂಬತ್ತು. "ಮೋಡ ಇರ್ಬೇಕು," ಎಂದ. ಬೀದಿಯಲ್ಲಿ ಬಿಸಿಲು ಬೆಂಕಿಯಂತಿತ್ತು. ತಡಕಾಡಿದರೆ ಮಿಷನ್ನೂ ಇಲ್ಲ, ತನುಜಾಳೂ ಇಲ್ಲ. ಸ್ಫೂರ್ತಿ ಬರುವ ಹೊತ್ತು, ಬ್ಲೌಸಿನ ಗತಿಯೇನು ಎಂದು ಅವನಿಗೆ ನಿಜಕ್ಕೂ ಹೆದರಿಕೆಯಾಯಿತು.

ಇಬ್ಬರೂ ತಾರಸಿಗೆ ಓಡಿದರು. ಗಾಜಿನ ಮೇಲೆ ಒದ್ದೆ ಪಂಚೆ, ಪಂಚೆಯ ಮೇಲೆ ಸಾಲು ಸಾಲು ಸಂಡಿಗೆ, ಕಾಗೆ ಬೆದರಲೆಂದು ಬಿಚ್ಚಿಟ್ಟ ಕರೀ ಛತ್ರಿ. ಪಕ್ಕದಲ್ಲಿ ಪ್ರೇಮಮ್ಮ.

"ಅಮ್ಮಾ, ಏನಿದು?"

"ಗಾಜು ಹಾಕ್ಸಿದ್ದು ಭಾಳ ಒಳ್ಳೇದಾಯ್ತು ಕಣಪ್ಪ. ಚೂರೂ ಧೂಳಿಲ್ಲ. ಮೇಲೂ ಕಾಯುತ್ತೆ, ಕೆಳಗೂ ಕಾಯುತ್ತೆ. ಆ ಕಡೆ ಇನ್ನೊಂದು ಹಾಕ್ಸು, ಹಪ್ಪಳಕ್ಕಾಗುತ್ತೆ."

"ಕೆಳಗೆ ಕತ್ತಲು ಕಣಮ್ಮ, ತೆಗಿ."

"ಹಸಿ ಸಂಡಿಗೆ ಎತ್ತಿದ್ರೆ ಮುದ್ದೆಯಾಗುತ್ತೆ. ಸಂಜೆ ತನ್ಕ ಮುಟ್ಬ್ಯಾಡ."

ಅಷ್ಟರಲ್ಲಿ ಹಿತ್ತಲ ಕಡೆಯಿಂದ ಮಿಷನ್ನಿನ ಟಕಟಕ ಕೇಳಿತು. ಇಳಿದು ಹೋಗಿ ನೋಡಿದರೆ ಹಿಂದಿನ ವರಾಂಡದಲ್ಲಿ ತನುಜಾ. ಸ್ಫೂರ್ತಿ ಆಗಲೇ ಬಂದು ಬ್ಲೌಸಿನ ತೋಳನ್ನು ಆಚೆ ಈಚೆ ತಿರುಗಿಸಿ ನೋಡುತ್ತಿದ್ದಳು. ಬಟ್ಟೆಯೂ ಬದನೆಕಾಯಿ, ಪೈಪಿಂಗೂ ಬದನೆಕಾಯಿ. ಹುಡುಗಿಯ ಮುಖದಲ್ಲಿ ನಗು ಕಂಡು ರುದ್ರಮೂರ್ತಿಗೆ ಹೋದ ಜೀವ ಬಂದಂತಾಯಿತು.

"ಅತ್ತೆ ಮೇಲೆ ಸಂಡಿಗೆ ಹಾಕಿದ್ರು, ಒಳಗೆ ಕತ್ತಲಾಯ್ತು. ಟ್ಯೂಬ್‌ಲೈಟು ನೋಡಿದ್ರೆ ಅಟ್ಟದ ಮೇಲೆ," ಎಂದಳು ತನುಜಾ. "ಅದ್ಕೇ ಮಿಷನ್ನು ಇಲ್ಲಿಗೆ ಎಳ್ಕಂಡ್ ಬಂದೆ."

ರುದ್ರಮೂರ್ತಿ ಮೆಲ್ಲಗೆ ಫೋನ್ ಹಿಡಿದು ನೋಡಿದ. ಆರುನೂರು ಲಕ್ಸು. ಉತ್ತರಕ್ಕೆ ತೆರೆದ ವರಾಂಡ, ನೇರ ಬಿಸಿಲಿಲ್ಲ, ಗ್ಲೇರಿಲ್ಲ, ಬೆಳಕು ಎಲ್ಲ ಕಡೆ ಸಮ. ಅವನು ವಾರವಿಡೀ ಭಾಷಣ ಮಾಡಿದ ಬೆಳಕು ಇದೇ.

ಕಲ್ಲೇಶ್ ಸುತ್ತ ನೋಡಿ, "ಅಕ್ಕಾ, ಇಂಥಾ ಬೆಳಕು ಮನೇಲೇ ಇಟ್ಕಂಡು ಇಷ್ಟು ವರ್ಷ ಆ ಕತ್ತಲಲ್ಲಿ ಯಾಕೆ ಹೊಲೀತಿದ್ದೆ?" ಎಂದ.

ತನುಜಾ ಹಲ್ಲಿನಲ್ಲಿ ದಾರ ಕಡಿದಳು.

"ಇಲ್ಲಿ ಮಧ್ಯಾಹ್ನ ನಿಮ್ ಭಾವ ಮಲಗ್ತಿದ್ರಲ್ಲಪ್ಪ. ಬೆಳಕು ಜಾಸ್ತಿ ಅಂತ ಮುಖಕ್ಕೆ ಪೇಪರ್ ಮುಚ್ಕಂಡು."